ಡೆವ್‌ಟೂಲ್ಸ್ ತೆರೆದ ಬ್ರೌಸರ್ ಬೇರೆ, ಮುಚ್ಚಿದ ಬ್ರೌಸರ್ ಬೇರೆ: ಕ್ರೋಮ್, ಫೈರ್‌ಫಾಕ್ಸ್ ಡೆವಲಪರ್ ಟೂಲ್‌ಗಳ ವಿಮರ್ಶೆ

ಪೇಜ್‌ನ ಒಳಗೆ ನಡೆಯುವುದನ್ನು ನೋಡಲು ಬ್ರೌಸರ್‌ನಲ್ಲೇ ಇರುವ ಡೆವಲಪರ್ ಟೂಲ್‌ಗಳೇ ಡೆವ್‌ಟೂಲ್ಸ್. ಕ್ರೋಮ್ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನ ಮೇಲ್ಗಡೆ ‘ಡಿಸೇಬಲ್ ಕ್ಯಾಶ್’ (ಬ್ರೌಸರ್ ಮೊದಲೇ ಇಟ್ಟುಕೊಂಡ ಫೈಲ್ ಪ್ರತಿಗಳನ್ನು ಬಳಸಬೇಡ) ಅಂತ ಒಂದು ಚೆಕ್‌ಬಾಕ್ಸ್ ಇದೆ. ಒಮ್ಮೆ ಟಿಕ್ ಮಾಡಿದರೆ ಅದು ಹಾಗೇ ಉಳಿದುಬಿಡುತ್ತದೆ, ಆದರೆ ಕೆಲಸ ಮಾಡುವುದು ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ. ಬಳಕೆದಾರರಿಗೆ ಹಳೆಯ ಜಾವಾಸ್ಕ್ರಿಪ್ಟ್ ಫೈಲ್ ಸಿಕ್ಕಿ ಪೇಜ್ ಕೆಡುತ್ತಿದೆ ಎಂದುಕೊಳ್ಳಿ. ಕಾರಣ ಹುಡುಕಲು ಎಫ್12 ಒತ್ತಿ ಡೆವ್‌ಟೂಲ್ಸ್ ತೆರೆದ ಕೂಡಲೇ ಕ್ಯಾಶ್ ಪಕ್ಕಕ್ಕೆ ಸರಿಯುತ್ತದೆ, ರಿಲೋಡ್ ಮಾಡಿದರೆ ಹೊಸ ಫೈಲ್ ಬರುತ್ತದೆ, ಪೇಜ್ ಸರಿಯಾಗಿ ಓಡುತ್ತದೆ. ಟೂಲ್ಸ್ ಮುಚ್ಚಿ ನೋಡಿದರೆ ತೊಂದರೆ ವಾಪಸ್. ಹುಡುಕಲು ತೆಗೆದುಕೊಂಡ ಸಾಧನವೇ ಕುರುಹನ್ನು ಅಳಿಸಿಹಾಕಿರುತ್ತದೆ.

ಹಾಗಾಗಿ ಈ ಟೂಲ್‌ಗಳನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಪೇಜ್‌ನಲ್ಲಿ ನಡೆಯುತ್ತಿರುವುದನ್ನು ಇವು ಎಲ್ಲಿ ಇದ್ದ ಹಾಗೆ ತೋರಿಸುತ್ತವೆ, ಎಲ್ಲಿ ತಾವೇ ಕೈಹಾಕಿ ಬದಲಿಸುತ್ತವೆ? ಹೊಸ ಫೀಚರ್‌ಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ದಿನದ ಕೆಲಸದಲ್ಲಿ ಗಂಟೆಗಟ್ಟಲೆ ಹಾಳಾಗುವುದು ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ. ಎರಡೂ ಟೂಲ್‌ಗಳು ಉಚಿತ, ಬ್ರೌಸರ್ ಜೊತೆಗೇ ಬರುತ್ತವೆ. ಎಡ್ಜ್, ಬ್ರೇವ್ ಕೂಡ ಕ್ರೋಮಿಯಂ ಮೇಲೆ ಕಟ್ಟಿದ ಬ್ರೌಸರ್‌ಗಳಾದ್ದರಿಂದ ಕ್ರೋಮ್ ಬಗ್ಗೆ ಹೇಳಿದ್ದು ಬಹುಪಾಲು ಅವಕ್ಕೂ ಅನ್ವಯಿಸುತ್ತದೆ.

ನೆಟ್‌ವರ್ಕ್ ಟ್ಯಾಬ್: ಮೊದಲು ನೋಡಬೇಕಾದ ಜಾಗ

ಎಲ್ಲ ಟ್ಯಾಬ್‌ಗಳನ್ನೂ ತೆಗೆದು ಒಂದನ್ನೇ ಉಳಿಸಿಕೊಳ್ಳಿ ಅಂದರೆ ಇದನ್ನೇ ಉಳಿಸಿಕೊಳ್ಳಬೇಕು. ಆದರೆ ಶುರು ಮಾಡುವ ಕ್ರಮ ಸರಿಯಾಗಿರಬೇಕು. ಡೆವ್‌ಟೂಲ್ಸ್ ತೆರೆಯುವ ಮುಂಚೆ ಹೋದ ರಿಕ್ವೆಸ್ಟ್‌ಗಳು (ಬ್ರೌಸರ್ ಸರ್ವರ್‌ಗೆ ಕಳಿಸುವ ಕೋರಿಕೆಗಳು) ಪಟ್ಟಿಯಲ್ಲಿ ಸೇರುವುದಿಲ್ಲ, ಆದ್ದರಿಂದ ಮೊದಲು ಟೂಲ್ಸ್ ತೆರೆದು ಆಮೇಲೆ ರಿಲೋಡ್ ಮಾಡಿ. ಲಾಗಿನ್, ಪೇಮೆಂಟ್ ಥರದ ರಿಡೈರೆಕ್ಟ್ ಇರುವ ಕಡೆ ‘ಪ್ರಿಸರ್ವ್ ಲಾಗ್’ ಟಿಕ್ ಮಾಡದಿದ್ದರೆ ಪೇಜ್ ಬದಲಾದ ಕ್ಷಣ ಹಳೆಯ ಸಾಲುಗಳೆಲ್ಲ ಅಳಿಸಿಹೋಗುತ್ತವೆ. ಟಿಕ್ ಮಾಡಿದರೂ ಒಂದು ಕೊರತೆ ಉಳಿಯುತ್ತದೆ: ಪೇಜ್ ಬದಲಾದ ಮೇಲೆ ಹಿಂದಿನ ಪೇಜ್‌ನ ರೆಸ್ಪಾನ್ಸ್ ಬಾಡಿ (ಸರ್ವರ್ ಕೊಟ್ಟ ಉತ್ತರದ ಒಳಭಾಗ) ತೆರೆಯಲು ಹೋದರೆ ‘ಫೇಲ್ಡ್ ಟು ಲೋಡ್ ರೆಸ್ಪಾನ್ಸ್ ಡೇಟಾ’ ಎಂಬ ಸಾಲು ಎದುರಾಗಬಹುದು. ಸರ್ವರ್ ಖಾಲಿ ಉತ್ತರ ಕಳಿಸಿದೆ ಎಂದು ಅದನ್ನು ಓದಬಾರದು. ಬ್ರೌಸರ್ ಆ ಬಾಡಿಯನ್ನು ಇಟ್ಟುಕೊಂಡಿಲ್ಲ, ಅಷ್ಟೇ.

ಈ ಟ್ಯಾಬ್ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಎರರ್ ಹಿಡಿದು ನೋಡೋಣ. ಹೊಸ ಬಿಲ್ಡ್ (ಆ್ಯಪ್‌ನ ಹೊಸ ಆವೃತ್ತಿ) ಸರ್ವರ್‌ಗೆ ಡಿಪ್ಲಾಯ್ ಆದ ಸ್ವಲ್ಪ ಹೊತ್ತಿಗೆ ಕೆಲವರ ಸ್ಕ್ರೀನ್ ಪೂರ್ತಿ ಬಿಳಿ. ಎರರ್‌ಗಳನ್ನು ತೋರಿಸುವ ಕನ್ಸೋಲ್ ಟ್ಯಾಬ್‌ನಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂದೋ, ಮಾಡ್ಯೂಲ್ ಸ್ಕ್ರಿಪ್ಟ್ ಬರಬೇಕಾದಲ್ಲಿ ಎಚ್‌ಟಿಎಂಎಲ್ ಬಂದಿದೆ ಎಂದೋ ಕೆಂಪು ಸಾಲು. ಕೋಡ್‌ನಲ್ಲಿ ಎಲ್ಲಿ ಹುಡುಕಿದರೂ ತಪ್ಪು ಕಾಣುವುದಿಲ್ಲ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಜೆಎಸ್ ಫೈಲ್‌ನ ಸಾಲು ಒತ್ತಿ. ಸ್ಟೇಟಸ್ 200 (ಎಲ್ಲ ಸರಿ) ಇರುತ್ತದೆ, ಆದರೆ ಹೆಡರ್ಸ್‌ನಲ್ಲಿ ಕಂಟೆಂಟ್-ಟೈಪ್ ನೋಡಿದರೆ ಟೆಕ್ಸ್ಟ್/ಎಚ್‌ಟಿಎಂಎಲ್. ರೆಸ್ಪಾನ್ಸ್ ತೆರೆದರೆ ಒಳಗಿರುವುದು ಇಂಡೆಕ್ಸ್ ಪೇಜ್. ನಡೆದದ್ದು ಇಷ್ಟು: ಬಳಕೆದಾರರ ಹತ್ತಿರ ಇರುವ ಹಳೆಯ ಇಂಡೆಕ್ಸ್ ಪೇಜ್ ಹಳೆಯ ಹ್ಯಾಶ್ (ಫೈಲ್ ಬದಲಾದಾಗ ಬದಲಾಗುವ ಗುರುತು) ಹೆಸರಿನ ಫೈಲ್ ಕೇಳಿತು, ಹೊಸ ಡಿಪ್ಲಾಯ್ ಆ ಫೈಲನ್ನು ತೆಗೆದುಹಾಕಿತ್ತು, ಮತ್ತು ಸಿಕ್ಕದ ವಿಳಾಸಗಳಿಗೆಲ್ಲ ಇಂಡೆಕ್ಸ್ ಪೇಜ್ ಕೊಡು ಎಂದು ಸರ್ವರ್‌ಗೆ ಹೇಳಿಟ್ಟಿದ್ದರಿಂದ ಅದು 404 (ಸಿಗಲಿಲ್ಲ) ಬದಲು ಅದನ್ನೇ ಕೊಟ್ಟಿತು. ಆ ‘<’ ಗುರುತು ಎಚ್‌ಟಿಎಂಎಲ್ ಪುಟದ ಮೊದಲ ಅಕ್ಷರ.

ಪರಿಹಾರವೂ ಅದೇ ಹೆಡರ್‌ಗಳಲ್ಲಿದೆ. ಇಂಡೆಕ್ಸ್ ಪೇಜ್‌ಗೆ ಕ್ಯಾಶ್-ಕಂಟ್ರೋಲ್ ‘ನೋ-ಕ್ಯಾಶ್’ ಇರಬೇಕು. ಈ ಹೆಸರು ದಾರಿ ತಪ್ಪಿಸುತ್ತದೆ: ಇಟ್ಟುಕೊಳ್ಳಬೇಡ ಎಂಬುದು ಅದರ ಅರ್ಥವಲ್ಲ, ಬಳಸುವ ಮುಂಚೆ ಪ್ರತಿ ಸಲ ಸರ್ವರ್ ಹತ್ತಿರ ಕೇಳು ಎಂಬುದು. ಹ್ಯಾಶ್ ಇರುವ ಫೈಲ್‌ಗಳಿಗೆ ‘ಮ್ಯಾಕ್ಸ್-ಏಜ್’ 31536000 ಸೆಕೆಂಡ್, ಅಂದರೆ 1 ವರ್ಷ, ಜೊತೆಗೆ ‘ಇಮ್ಯೂಟಬಲ್’ (ಬದಲಾಗದು). ಹಿಂದಿನ ಒಂದೆರಡು ಬಿಲ್ಡ್‌ಗಳ ಫೈಲ್‌ಗಳನ್ನು ಸರ್ವರ್‌ನಲ್ಲಿ ಬಿಟ್ಟಿರಿ. ಅಸೆಟ್ ಫೋಲ್ಡರ್ ಒಳಗಿನ ವಿಳಾಸ ಸಿಗದಿದ್ದರೆ ಇಂಡೆಕ್ಸ್ ಪೇಜ್ ಕೊಡದೆ 404 ಕೊಡುವಂತೆ ಮಾಡಿ. ಇದನ್ನು ಪರೀಕ್ಷಿಸುವಾಗ ‘ಡಿಸೇಬಲ್ ಕ್ಯಾಶ್’ ಟಿಕ್ ತೆಗೆಯುವುದನ್ನು ಮರೆಯಬೇಡಿ. ಟಿಕ್ ಇದ್ದರೆ ಈ ತೊಂದರೆ ಮತ್ತೆ ಬರುವುದೇ ಇಲ್ಲ.

ಸಮಯದ ಲೆಕ್ಕದಲ್ಲಿ ಕ್ರೋಮ್ ಮೆಚ್ಚುವಂಥ ಕೆಲಸ ಮಾಡಿದೆ. ಒಂದು ರಿಕ್ವೆಸ್ಟ್‌ನ ‘ಟೈಮಿಂಗ್’ ತೆರೆದರೆ ಸರದಿಯಲ್ಲಿ ಕಾದದ್ದೆಷ್ಟು, ಡಿಎನ್‌ಎಸ್‌ಗೆ (ಸೈಟ್ ಹೆಸರಿನಿಂದ ಐಪಿ ವಿಳಾಸ ಹುಡುಕಲು) ಎಷ್ಟು, ಕನೆಕ್ಷನ್‌ಗೆ ಎಷ್ಟು, ಸರ್ವರ್ ಉತ್ತರಕ್ಕೆ ಕಾದದ್ದೆಷ್ಟು, ಡೌನ್‌ಲೋಡ್‌ಗೆ ಎಷ್ಟು ಎಂದು ಬಿಡಿಸಿ ತೋರಿಸುತ್ತದೆ. ‘ಎಪಿಐ ನಿಧಾನ’ (ಡೇಟಾ ಕೊಡುವ ಸರ್ವರ್ ತಡಮಾಡುತ್ತಿದೆ) ಎಂಬ ದೂರು ಬಂದಾಗ ‘ಸ್ಟಾಲ್ಡ್’ ಭಾಗವೇ ಉದ್ದವಾಗಿದ್ದರೆ ಸರ್ವರ್‌ನವರನ್ನು ಕೇಳಿ ಪ್ರಯೋಜನವಿಲ್ಲ, ರಿಕ್ವೆಸ್ಟ್ ಇನ್ನೂ ಬ್ರೌಸರ್ ಬಿಟ್ಟೇ ಇರಲಿಲ್ಲ. ಎಚ್‌ಟಿಟಿಪಿ 1.1ರಲ್ಲಿ ಒಂದು ಹೋಸ್ಟ್‌ಗೆ ಕ್ರೋಮ್ ಒಂದು ಸಲಕ್ಕೆ 6 ಕನೆಕ್ಷನ್ ಮಾತ್ರ ತೆರೆಯುತ್ತದೆ. ಸರ್ವರ್-ಸೆಂಟ್ ಈವೆಂಟ್ಸ್ (ಸರ್ವರ್ ಸುದ್ದಿ ಕಳಿಸುತ್ತಿರಲು ಕನೆಕ್ಷನ್ ತೆರೆದಿಡುವ ವಿಧಾನ) ಬಳಸುವ ಆ್ಯಪನ್ನು ಲೋಕಲ್‌ನಲ್ಲಿ (ಸ್ವಂತ ಕಂಪ್ಯೂಟರ್‌ನಲ್ಲಿ) 6 ಟ್ಯಾಬ್‌ಗಳಲ್ಲಿ ತೆರೆದಿಟ್ಟರೆ ಆ ಆರೂ ಕನೆಕ್ಷನ್ ಅಲ್ಲೇ ಹಿಡಿದುಕೊಂಡಿರುತ್ತವೆ, 7ನೇ ಟ್ಯಾಬ್ ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ. ಟ್ಯಾಬ್ ಮುಚ್ಚಿದರೆ ಸರಿಹೋಗುತ್ತದೆ. ಎಚ್‌ಟಿಟಿಪಿ 2ರಲ್ಲಿ ಈ ಅಡಚಣೆ ಬರುವುದು ಅಪರೂಪ.

ಕಾರ್ಸ್ ಮತ್ತು ಕುಕಿ

ಒಂದು ಆರಿಜಿನ್‌ನ (ಪ್ರೋಟೊಕಾಲ್, ಹೋಸ್ಟ್, ಪೋರ್ಟ್ ಸೇರಿದ ವಿಳಾಸ) ಪೇಜ್ ಇನ್ನೊಂದರ ಉತ್ತರ ಓದಲು ಆ ಸರ್ವರ್ ಅನುಮತಿ ಕೊಡಬೇಕು ಎಂಬ ಬ್ರೌಸರ್ ನಿಯಮವೇ ಕಾರ್ಸ್. ಕಾರ್ಸ್ ಎರರ್ ವಿಷಯದಲ್ಲಿ ಎರಡು ಬ್ರೌಸರ್‌ಗಳ ಕನ್ಸೋಲ್ ಸಾಲುಗಳೂ ಅರ್ಧ ಸತ್ಯವನ್ನೇ ಹೇಳುತ್ತವೆ. ‘ಅಲೋ-ಆರಿಜಿನ್ ಹೆಡರ್ ಇಲ್ಲ’ ಎಂಬುದು ನಿಜ. ಏಕೆ ಇಲ್ಲ ಎಂಬುದೇ ಪ್ರಶ್ನೆ. ಸರ್ವರ್‌ನ ಕೋಡ್ ಒಳಗೆ ಬಿದ್ದು 500 ಬಂದಾಗ ಎಷ್ಟೋ ಫ್ರೇಮ್‌ವರ್ಕ್‌ಗಳಲ್ಲಿ ಕಾರ್ಸ್ ಹೆಡರ್ ಸೇರಿಸುವ ಹಂತವೇ ತಪ್ಪಿಹೋಗುತ್ತದೆ. ಆಗ ಕನ್ಸೋಲ್ ಕಾರ್ಸ್ ಎನ್ನುತ್ತದೆ, ನಿಜವಾದ ರೋಗ ಡೇಟಾಬೇಸ್ ಕ್ವೆರಿಯಲ್ಲಿರುತ್ತದೆ. ಇಂಥ ಹೊತ್ತಿನಲ್ಲಿ ಕಾರ್ಸ್ ಸೆಟ್ಟಿಂಗ್ ತಿದ್ದುತ್ತಾ ಕೂರಬೇಡಿ. ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಕರ್ಲ್’ ತೆಗೆದುಕೊಂಡು ಟರ್ಮಿನಲ್‌ನಲ್ಲಿ ಓಡಿಸಿ. ಕರ್ಲ್ ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಟೂಲ್, ಅದಕ್ಕೆ ಕಾರ್ಸ್ ನಿಯಮ ಅನ್ವಯಿಸುವುದಿಲ್ಲ. ಅಲ್ಲೂ 500 ಬಂದರೆ ಸರ್ವರ್ ಲಾಗ್ ನೋಡಿ, ಅಲ್ಲಿ ಸರಿಯಾದ ಉತ್ತರ ಬಂದು ಬ್ರೌಸರ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ಕಾರ್ಸ್, ಕುಕಿ, ಎಕ್ಸ್‌ಟೆನ್ಷನ್ ಕಡೆ ತಿರುಗಿ. ಹಾಗೆ ಕಾಪಿ ಮಾಡಿದ ಸಾಲಿನಲ್ಲಿ ನಿಮ್ಮ ಸೆಷನ್ ಕುಕಿಯೂ (ಲಾಗಿನ್ ಆಗಿರುವ ಗುರುತು) ಇರುತ್ತದೆ, ಅದನ್ನು ಚಾಟ್ ಗ್ರೂಪ್‌ಗೆ ಹಾಕುವ ಮುಂಚೆ ಅಳಿಸಿ.

ಕಾರ್ಸ್‌ನಲ್ಲಿ ಮತ್ತೆ ಮತ್ತೆ ಕಾಣುವ ಇನ್ನು ಮೂರು ಕಾರಣ: ಕ್ರೆಡೆನ್ಷಿಯಲ್ಸ್ (ಕುಕಿಯಂಥ ಗುರುತು) ಸಮೇತ ಹೋದ ರಿಕ್ವೆಸ್ಟ್‌ಗೆ ಸರ್ವರ್ ‘*’ ಎಂದು ಉತ್ತರಿಸಿರುವುದು (ಅಲ್ಲಿ ಆರಿಜಿನ್ ಪೂರ್ತಿ ಬರೆದಿರಲೇಬೇಕು), ಆಪ್ಷನ್ಸ್ ಪ್ರಿಫ್ಲೈಟ್‌ಗೆ (ನಿಜವಾದ ರಿಕ್ವೆಸ್ಟ್‌ಗೆ ಮುಂಚೆ ಬ್ರೌಸರ್ ಕಳಿಸುವ ಅನುಮತಿಯ ಕೋರಿಕೆ) ಲಾಗಿನ್ ಟೋಕನ್ ಕೇಳಿ 401 (ಲಾಗಿನ್ ಆಗಿಲ್ಲ) ಕೊಡುವುದು, ಕೊನೆಯ ಸ್ಲ್ಯಾಷ್ ಬಿಟ್ಟುಹೋಗಿ ಪ್ರಿಫ್ಲೈಟ್ ರಿಡೈರೆಕ್ಟ್ ಆಗುವುದು. ಇವನ್ನು ಗುರುತಿಸುವುದರಲ್ಲಿ ಫೈರ್‌ಫಾಕ್ಸ್ ಒಂದು ಹೆಜ್ಜೆ ಮುಂದಿದೆ. ನೆಟ್‌ವರ್ಕ್ ಪಟ್ಟಿಯ ‘ಟ್ರಾನ್ಸ್‌ಫರ್ಡ್’ ಕಾಲಂನಲ್ಲೇ ತಡೆದ ಕಾರಣ ಬರೆದಿರುತ್ತದೆ, ಒಂದೊಂದೇ ಸಾಲು ತೆರೆದು ನೋಡುವ ಕಷ್ಟ ಇಲ್ಲ.

ಕುಕಿ ವಿಷಯಕ್ಕೆ ಬಂದರೆ ಕ್ರೋಮ್ ಸ್ಪಷ್ಟವಾಗಿ ಮೇಲು. ರಿಕ್ವೆಸ್ಟ್ ತೆರೆದು ‘ಕುಕೀಸ್’ ಉಪಟ್ಯಾಬ್‌ಗೆ ಹೋಗಿ, ‘ಶೋ ಫಿಲ್ಟರ್ಡ್ ಔಟ್ ರಿಕ್ವೆಸ್ಟ್ ಕುಕೀಸ್’ ಟಿಕ್ ಮಾಡಿ. ಹೋಗದೆ ಉಳಿದ ಕುಕಿಗಳು ಹಳದಿ ಬಣ್ಣದಲ್ಲಿ ಕಾಣುತ್ತವೆ, ಮೇಲೆ ಮೌಸ್ ಇಟ್ಟರೆ ಏಕೆ ಹೋಗಲಿಲ್ಲ ಎಂದು ಬರೆದಿರುತ್ತದೆ. ಕಾರಣ ಹೆಚ್ಚಾಗಿ ಸೇಮ್‌ಸೈಟ್, ಅಂದರೆ ಬೇರೆ ಸೈಟ್‌ನಿಂದ ಹೊರಟ ರಿಕ್ವೆಸ್ಟ್ ಜೊತೆ ಕುಕಿ ಹೋಗಬಹುದೇ ಎಂದು ಹೇಳುವ ಗುಣ. ಅದನ್ನು ಬರೆಯದೆ ಬಿಟ್ಟ ಕುಕಿಯನ್ನು 2020ರಿಂದ ಕ್ರೋಮ್ ‘ಲ್ಯಾಕ್ಸ್’ ಎಂದೇ ಎಣಿಸುತ್ತದೆ, ‘ನನ್’ ಎಂದು ಬರೆದರೆ ‘ಸೆಕ್ಯೂರ್’ ಕೂಡ ಇರಲೇಬೇಕು. ಲೋಕಲ್ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ಲೋಕಲ್‌ಹೋಸ್ಟ್ (ನಿಮ್ಮದೇ ಕಂಪ್ಯೂಟರ್‌ನ ಹೆಸರು) 3000 ಮತ್ತು ಲೋಕಲ್‌ಹೋಸ್ಟ್ 8000ನೇ ಪೋರ್ಟ್‌ಗಳು ಬೇರೆ ಬೇರೆ ಆರಿಜಿನ್, ಆದರೆ ಒಂದೇ ಸೈಟ್. ಕುಕಿ ಪೋರ್ಟ್ ನೋಡುವುದಿಲ್ಲ, ಆದ್ದರಿಂದ ಎರಡು ಪ್ರಾಜೆಕ್ಟ್‌ಗಳು ಒಂದೇ ಹೆಸರಿನ ಸೆಷನ್ ಕುಕಿ ಇಟ್ಟರೆ ಒಂದರಲ್ಲಿ ಲಾಗಿನ್ ಆದ ತಕ್ಷಣ ಇನ್ನೊಂದು ಲಾಗೌಟ್ ಆಗುತ್ತದೆ. ಲೋಕಲ್‌ಹೋಸ್ಟ್ ಮತ್ತು 127.0.0.1 ಹಾಗಲ್ಲ, ಬ್ರೌಸರ್ ಲೆಕ್ಕದಲ್ಲಿ ಅವು ಪೂರ್ತಿ ಬೇರೆ ಸೈಟ್‌ಗಳು. ಫ್ರಂಟೆಂಡ್ ಒಂದರಲ್ಲಿ, ಎಪಿಐ ವಿಳಾಸ ಇನ್ನೊಂದರಲ್ಲಿ ಇದ್ದರೆ ಲಾಗಿನ್ 200 ಕೊಟ್ಟು ಮುಂದಿನ ರಿಕ್ವೆಸ್ಟ್ 401 ಕೊಡುತ್ತದೆ. ಎರಡು ಕಡೆಯೂ ಒಂದೇ ಹೆಸರು ಬಳಸಿ, ಫೆಚ್‌ನಲ್ಲಿ ಕ್ರೆಡೆನ್ಷಿಯಲ್ಸ್ ‘ಇನ್‌ಕ್ಲೂಡ್’ ಇದೆಯೇ ನೋಡಿ.

ಕನ್ಸೋಲ್: ಎಲ್ಲರೂ ನಂಬುವುದು ಇದನ್ನೇ

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಕನ್ಸೋಲ್, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಅದೇ. ಒಂದು ಆಬ್ಜೆಕ್ಟನ್ನು ಲಾಗ್ ಮಾಡಿ, ಮುಂದಿನ ಸಾಲಿನಲ್ಲಿ ಅದರ ಒಂದು ಫೀಲ್ಡ್ ಬದಲಿಸಿ. ಕನ್ಸೋಲ್‌ನಲ್ಲಿ ಆ ಸಾಲಿನ ಪಕ್ಕದ ತ್ರಿಕೋನ ಒತ್ತಿದರೆ ಕಾಣುವುದು ಬದಲಾದ ಬೆಲೆ. ಲಾಗ್ ಮಾಡಿದ ಕ್ಷಣದ ಬೆಲೆಯಲ್ಲ, ತ್ರಿಕೋನ ಒತ್ತಿದ ಕ್ಷಣದ ಬೆಲೆ. ಪಕ್ಕದಲ್ಲಿ ಸಣ್ಣ ‘ಐ’ ಗುರುತು ಇಟ್ಟು ಕ್ರೋಮ್ ಇದನ್ನು ಹೇಳುತ್ತದೆ, ಆದರೆ ಅದರ ಮೇಲೆ ಮೌಸ್ ಇಟ್ಟು ಓದುವವರು ಕಡಿಮೆ. ‘ಡೇಟಾ ಆಗಲೇ ಬಂದಿತ್ತಲ್ಲ, ಮತ್ತೆ ಯಾಕೆ ಖಾಲಿ ಎನ್ನುತ್ತಿದೆ’ ಎಂಬ ಗೊಂದಲದ ಹಿಂದೆ ಬಹಳ ಸಲ ಇದೇ ಇರುತ್ತದೆ. ಲಾಗ್ ಮಾಡುವಾಗ ‘ಸ್ಟ್ರಕ್ಚರ್ಡ್‌ಕ್ಲೋನ್’ನಿಂದ ಪ್ರತಿ ತೆಗೆದುಕೊಡಿ, ಇಲ್ಲವೇ ಆಬ್ಜೆಕ್ಟನ್ನು ಜೇಸನ್ ಸ್ಟ್ರಿಂಗ್ ಮಾಡಿ ಕೊಡಿ. ಅದಕ್ಕಿಂತ ಒಳ್ಳೆಯದು, ಆ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ನಿಲ್ಲಿಸಿ ನೋಡುವುದು.

ಇನ್ನೊಂದು ವಿಷಯ ಮೆಮೊರಿ ಲೀಕ್ (ಬೇಡದ ಡೇಟಾ ಮೆಮೊರಿಯಲ್ಲೇ ಉಳಿಯುವುದು) ಹುಡುಕುವವರಿಗೆ. ಕನ್ಸೋಲ್‌ನಲ್ಲಿ ಲಾಗ್ ಆದ ಆಬ್ಜೆಕ್ಟ್‌ಗಳನ್ನು ಕನ್ಸೋಲ್ ಹಿಡಿದುಕೊಂಡಿರುತ್ತದೆ, ಅವು ಮೆಮೊರಿಯಿಂದ ಹೋಗುವುದಿಲ್ಲ. ಹೀಪ್ ಸ್ನ್ಯಾಪ್‌ಶಾಟ್ (ಮೆಮೊರಿಯಲ್ಲಿರುವುದರ ಚಿತ್ರ) ತೆಗೆಯುವ ಮುಂಚೆ ಕನ್ಸೋಲ್ ಕ್ಲಿಯರ್ ಮಾಡದಿದ್ದರೆ ಇಲ್ಲದ ಲೀಕ್ ಹುಡುಕುತ್ತಾ ದಿನ ಕಳೆಯುತ್ತದೆ. ಐಫ್ರೇಮ್ (ಪೇಜ್ ಒಳಗೆ ಕೂರಿಸಿದ ಪೇಜ್) ಒಳಗಿನ ವೇರಿಯಬಲ್ ಸಿಗುತ್ತಿಲ್ಲ ಎಂದರೆ ಕನ್ಸೋಲ್ ಮೇಲ್ಗಡೆ ‘ಟಾಪ್’ ಎಂದಿರುವ ಡ್ರಾಪ್‌ಡೌನ್‌ನಲ್ಲಿ ಆ ಫ್ರೇಮ್ ಆರಿಸಿ. ಎರರ್ ಬರುತ್ತಲೇ ಇಲ್ಲ ಅನಿಸಿದರೆ ಫಿಲ್ಟರ್ ಬಾಕ್ಸ್‌ನಲ್ಲಿ ಹಿಂದೆ ಬರೆದ ಪದ ಉಳಿದಿದೆಯೇ ನೋಡಿ.

ಸೋರ್ಸಸ್ ಮತ್ತು ಬ್ರೇಕ್‌ಪಾಯಿಂಟ್

ಇಲ್ಲಿ ಕ್ರೋಮ್, ಫೈರ್‌ಫಾಕ್ಸ್ ಹೆಚ್ಚುಕಡಿಮೆ ಸಮ. ಲೈನ್ ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕಂಡೀಷನಲ್ ಬ್ರೇಕ್‌ಪಾಯಿಂಟ್ ಮತ್ತು ಲಾಗ್‌ಪಾಯಿಂಟ್ ಎರಡೂ ಸಿಗುತ್ತವೆ. ಲಾಗ್‌ಪಾಯಿಂಟ್ ಇನ್ನೂ ಹೆಚ್ಚು ಬಳಕೆಗೆ ಬರಬೇಕಾದ ಸೌಲಭ್ಯ: ಕೋಡ್ ಮುಟ್ಟದೆ, ಬಿಲ್ಡ್ ಮಾಡದೆ, ಓಡುತ್ತಿರುವ ಆ್ಯಪ್‌ನಲ್ಲಿ ಲಾಗ್ ಸಾಲು ಸೇರಿಸಬಹುದು. ಎರಡು ಕೆಲಸಗಳ ಪೈಪೋಟಿಯಿಂದ ಹುಟ್ಟುವ ಬಗ್‌ಗೆ ಇದೇ ಸೂಕ್ತ. ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿದರೆ ಅಷ್ಟರಲ್ಲಿ ರೆಸ್ಪಾನ್ಸ್ ಬಂದು ಸೇರಿ, ಬಗ್ ಮಾಯವಾಗುತ್ತದೆ. ಯಾವುದೋ ಕೋಡ್ ಒಂದು ಎಲಿಮೆಂಟನ್ನು ಪೇಜ್‌ನಿಂದ ಕಿತ್ತುಹಾಕುತ್ತಿದೆ, ಯಾವುದು ಗೊತ್ತಿಲ್ಲ ಎನ್ನುವಾಗ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಬ್ರೇಕ್ ಆನ್’ ಒಳಗೆ ‘ನೋಡ್ ರಿಮೂವಲ್’ ಕೊಡಿ. ತೆಗೆಯುವ ಸಾಲಿನಲ್ಲೇ ಬಂದು ನಿಲ್ಲುತ್ತದೆ.

ಬ್ರೇಕ್‌ಪಾಯಿಂಟ್ ತಪ್ಪು ಸಾಲಿಗೆ ಹಾರುತ್ತಿದ್ದರೆ ಸೋರ್ಸ್ ಮ್ಯಾಪ್ (ಬಿಲ್ಡ್ ಆದ ಕೋಡನ್ನು ಮೂಲ ಕೋಡ್‌ಗೆ ಜೋಡಿಸುವ ಫೈಲ್) ಸರಿಯಿಲ್ಲ ಎಂದರ್ಥ. ಕ್ರೋಮ್‌ನಲ್ಲಿ ‘ಡೆವಲಪರ್ ರಿಸೋರ್ಸಸ್’ ಎಂಬ ಪ್ಯಾನೆಲ್ ತೆರೆದರೆ ಯಾವ ಮ್ಯಾಪ್ ಲೋಡ್ ಆಗಿದೆ, ಯಾವುದು ಏಕೆ ಆಗಿಲ್ಲ ಎಂಬುದು ಸಿಗುತ್ತದೆ.

‘ಲೋಕಲ್ ಓವರ್‌ರೈಡ್ಸ್’ ಕ್ರೋಮ್‌ನ ದೊಡ್ಡ ಬಲ. ಪ್ರೊಡಕ್ಷನ್‌ನ (ಬಳಕೆದಾರರಿಗೆ ತಲುಪಿರುವ ಸೈಟ್‌ನ) ಜೆಎಸ್ ಫೈಲನ್ನು ನಿಮ್ಮ ಬ್ರೌಸರ್‌ನಲ್ಲಿ ಮಾತ್ರ ತಿದ್ದಿ ಪರೀಕ್ಷಿಸಬಹುದು, ರೆಸ್ಪಾನ್ಸ್ ಹೆಡರ್ ಕೂಡ ಬದಲಿಸಬಹುದು. ಒಂದು ಸಾದಾ ಗೆಟ್ ರಿಕ್ವೆಸ್ಟ್‌ಗೆ ಅಲೋ-ಆರಿಜಿನ್ ಹೆಡರ್ ಸೇರಿಸಿ ನೋಡಿದರೆ, ಸರ್ವರ್‌ನವರಿಗೆ ಹೇಳುವ ಮುಂಚೆಯೇ ಅದೇ ಪರಿಹಾರವೇ ಎಂದು ಖಚಿತವಾಗುತ್ತದೆ. ಆದರೆ ಇದು ಕೂಡ ಡೆವ್‌ಟೂಲ್ಸ್ ತೆರೆದಿರುವಾಗ ಮಾತ್ರ ಕೆಲಸ ಮಾಡುತ್ತದೆ, ಮತ್ತು ಆನ್ ಇದ್ದಷ್ಟು ಹೊತ್ತು ಕ್ಯಾಶನ್ನೂ ನಿಲ್ಲಿಸುತ್ತದೆ. ತಿಂಗಳ ಹಿಂದೆ ಇಟ್ಟ ಓವರ್‌ರೈಡ್ ಮರೆತುಹೋದರೆ, ಡಿಪ್ಲಾಯ್ ಮಾಡಿದ ಕೋಡ್ ಏಕೆ ಕಾಣುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಕೆಲಸ ಮುಗಿದ ಕೂಡಲೇ ತೆಗೆದುಹಾಕಿ.

ಪೇಜ್ ಮತ್ತು ಸರ್ವರ್ ನಡುವೆ ಕೂತು ಫೈಲ್‌ಗಳನ್ನು ತಾನೇ ಕೊಡಬಲ್ಲ ಸ್ಕ್ರಿಪ್ಟ್ ಆದ ಸರ್ವಿಸ್ ವರ್ಕರ್ ವಿಚಾರದಲ್ಲೂ ಇದೇ ಗುಣ. ‘ಅಪ್ಲಿಕೇಷನ್’ ಟ್ಯಾಬ್‌ನ ‘ಅಪ್‌ಡೇಟ್ ಆನ್ ರಿಲೋಡ್’ ಅಭಿವೃದ್ಧಿಗೆ ಅನುಕೂಲ. ಆದರೆ ಅದನ್ನು ಟಿಕ್ ಮಾಡಿಟ್ಟವರಿಗೆ ಬಳಕೆದಾರರ ಅನುಭವ ಕಾಣುವುದೇ ಇಲ್ಲ: ಹೊಸ ವರ್ಕರ್ ಬಂದು ‘ವೇಟಿಂಗ್’ನಲ್ಲಿ ಕೂರುತ್ತದೆ, ಹಳೆಯ ಟ್ಯಾಬ್‌ಗಳೆಲ್ಲ ಮುಚ್ಚುವ ತನಕ ಹಳೆಯ ವರ್ಕರ್ ಹಳೆಯ ವರ್ಷನ್ನೇ ಬಡಿಸುತ್ತಿರುತ್ತದೆ. ಬಿಡುಗಡೆಗೆ ಮುಂಚೆ ಒಮ್ಮೆ ಆ ಟಿಕ್ ತೆಗೆದು, ಹಳೆಯ ವರ್ಷನ್‌ನಿಂದ ಹೊಸದಕ್ಕೆ ಹೋಗುವುದನ್ನು ಪರೀಕ್ಷಿಸಲೇಬೇಕು. ಎಲ್ಲ ಕಲಸುಮೇಲೋಗರ ಆದಾಗ ಅದೇ ಟ್ಯಾಬ್‌ನ ‘ಸ್ಟೋರೇಜ್’ ಒಳಗಿನ ‘ಕ್ಲಿಯರ್ ಸೈಟ್ ಡೇಟಾ’ ಒತ್ತಿದರೆ ಆ ಸೈಟ್ ಒಂದರದ್ದು ಮಾತ್ರ ಹೋಗುತ್ತದೆ. ಇಡೀ ಬ್ರೌಸರ್ ಹಿಸ್ಟರಿ ಅಳಿಸುವ ಅಗತ್ಯವಿಲ್ಲ.

ಎಲಿಮೆಂಟ್ಸ್‌ನಲ್ಲಿ ಫೈರ್‌ಫಾಕ್ಸ್ ಕೈ ಮೇಲು

ಸಿಎಸ್‌ಎಸ್ (ಪೇಜ್‌ನ ರೂಪ ನಿರ್ಧರಿಸುವ ಕೋಡ್) ಕೆಲಸಕ್ಕೆ ಫೈರ್‌ಫಾಕ್ಸ್ ತೆರೆಯಿರಿ ಎಂದೇ ಹೇಳುತ್ತೇನೆ. ಬರೆದ ಪ್ರಾಪರ್ಟಿ ಏಕೆ ಕೆಲಸ ಮಾಡುತ್ತಿಲ್ಲ ಎಂಬುದನ್ನು ಅದು ಮಸುಕು ಬಣ್ಣ ಮತ್ತು ಒಂದು ‘ಐ’ ಗುರುತಿನಿಂದ ವಿವರಿಸುತ್ತದೆ, ಉದಾಹರಣೆಗೆ ಇನ್‌ಲೈನ್ ಎಲಿಮೆಂಟ್‌ಗೆ ಅಗಲ ಕೊಟ್ಟಾಗ. 2019ರಲ್ಲಿ ಬಂದ ಈ ಸೌಲಭ್ಯದ ಹಾದಿಯನ್ನು ಕ್ರೋಮ್ ಆಮೇಲೆ ಹಿಡಿಯಿತು. ಎಚ್‌ಟಿಎಂಎಲ್ ಮರದಲ್ಲೇ ‘ಈವೆಂಟ್’ ಎಂಬ ಚೀಟಿ ಅಂಟಿರುತ್ತದೆ, ಒತ್ತಿದರೆ ಯಾವ ಫಂಕ್ಷನ್ ಕೇಳಿಸಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ನೆಟ್‌ವರ್ಕ್‌ನಲ್ಲಿ ರಿಕ್ವೆಸ್ಟನ್ನು ತಿದ್ದಿ ಮತ್ತೆ ಕಳಿಸುವ ಸೌಲಭ್ಯ ಇಲ್ಲಿ ನೇರವಾಗಿದೆ. ಕ್ರೋಮ್‌ನಲ್ಲಿ ‘ಕಾಪಿ ಆ್ಯಸ್ ಫೆಚ್’ ತೆಗೆದು ಕನ್ಸೋಲ್‌ಗೆ ಅಂಟಿಸಿ ತಿದ್ದಬೇಕು.

ಫೈರ್‌ಫಾಕ್ಸ್‌ನ ಒಂದು ಸ್ವಭಾವ ಮಾತ್ರ ಮೊದಲೇ ತಿಳಿದಿರಲಿ. ಸಾದಾ ರಿಲೋಡ್‌ನಲ್ಲಿ ಅದು ಫಾರ್ಮ್‌ನ ಸ್ಥಿತಿ ಉಳಿಸಿಕೊಳ್ಳುತ್ತದೆ. ಸ್ಕ್ರಿಪ್ಟ್‌ನಿಂದ ಡಿಸೇಬಲ್ ಮಾಡಿದ ಬಟನ್ ರಿಲೋಡ್ ಆದ ಮೇಲೂ ಡಿಸೇಬಲ್ ಆಗಿಯೇ ಇರಬಹುದು. ‘ಫೈರ್‌ಫಾಕ್ಸ್‌ನಲ್ಲಿ ಮಾತ್ರ ಬಟನ್ ಒತ್ತಲಾಗುತ್ತಿಲ್ಲ’ ಎಂಬ ದೂರು ಬಂದರೆ ಆ ಬಟನ್‌ಗೆ ಆಟೋಕಂಪ್ಲೀಟ್ ‘ಆಫ್’ ಕೊಡಿ.

ಮೌಸ್ ಇಟ್ಟಾಗ ಅಥವಾ ಫೋಕಸ್ ಆದಾಗ ತೆರೆಯುವ ಮೆನು, ಡೆವ್‌ಟೂಲ್ಸ್ ಮೇಲೆ ಕ್ಲಿಕ್ ಮಾಡಿದ ಕೂಡಲೇ ಮುಚ್ಚಿಹೋಗುವುದು ಎರಡರಲ್ಲೂ ಕಾಟ. ಕ್ರೋಮ್‌ನ ‘ರೆಂಡರಿಂಗ್’ ಪ್ಯಾನೆಲ್‌ನಲ್ಲಿ ‘ಎಮ್ಯುಲೇಟ್ ಎ ಫೋಕಸ್ಡ್ ಪೇಜ್’ ಟಿಕ್ ಮಾಡಿದರೆ ಫೋಕಸ್‌ನಿಂದ ತೆರೆದ ಮೆನು ನಿಲ್ಲುತ್ತದೆ. ಟೂಲ್ಸ್ ಪಕ್ಕದಲ್ಲಿ ಅಂಟಿಕೊಂಡಿದ್ದರೆ ಪೇಜ್‌ನ ಅಗಲ ಕಡಿಮೆಯಾಗಿ ಮೀಡಿಯಾ ಕ್ವೆರಿ (ಅಗಲಕ್ಕೆ ತಕ್ಕ ಸಿಎಸ್‌ಎಸ್ ನಿಯಮ) ಬದಲಾಗುತ್ತದೆ ಎಂಬುದೂ ಗಮನದಲ್ಲಿರಲಿ. ಲೇಔಟ್ ಬಗ್ ಹುಡುಕುವಾಗ ಬೇರೆ ಕಿಟಕಿಗೆ ಬಿಡಿಸಿಟ್ಟುಕೊಳ್ಳಿ.

ಮೊಬೈಲ್ ಎಮ್ಯುಲೇಷನ್‌ಗೆ ಕಡಿಮೆ ಅಂಕ. ಅಳತೆ, ಟಚ್, ಯೂಸರ್ ಏಜೆಂಟ್ (ಬ್ರೌಸರ್ ಸರ್ವರ್‌ಗೆ ಹೇಳುವ ತನ್ನ ಹೆಸರು) ಬದಲಾಗುತ್ತವೆ, ಎಂಜಿನ್ ಬದಲಾಗುವುದಿಲ್ಲ. ಪಟ್ಟಿಯಲ್ಲಿ ಐಫೋನ್ ಆರಿಸಿದರೂ ಓಡುತ್ತಿರುವುದು ಕ್ರೋಮ್‌ನ ಬ್ಲಿಂಕ್, ಸಫಾರಿಯ ವೆಬ್‌ಕಿಟ್ ಅಲ್ಲ. ಕೀಬೋರ್ಡ್ ಮೇಲೆದ್ದು ಬಂದು ಬಟನ್ ಮುಚ್ಚಿಹೋಗುವುದು ಇಲ್ಲಿ ಕಾಣುವುದಿಲ್ಲ, ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಪೇಜನ್ನು ಝೂಮ್ ಮಾಡಿಬಿಡುವುದೂ ಕಾಣುವುದಿಲ್ಲ. ಆ್ಯಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್‌ಗೆ ಸಿಕ್ಕಿಸಿ, ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ ನೇರ ನೋಡುವುದೇ ಸರಿ. ಐಫೋನ್‌ನ ಸಫಾರಿಗೆ ಅದರದ್ದೇ ವೆಬ್ ಇನ್‌ಸ್ಪೆಕ್ಟರ್ ಇದೆ, ಅದಕ್ಕೆ ಮ್ಯಾಕ್ ಬೇಕು.

ಟೂಲ್ಸ್‌ಗೆ ಕಾಣದ ಕಡೆ

ರಿಕ್ವೆಸ್ಟ್ ಬ್ರೌಸರ್ ದಾಟುವ ಮುಂಚೆಯೇ ಬಿದ್ದಾಗ ಡೆವ್‌ಟೂಲ್ಸ್ ‘ಫೇಲ್ಡ್’ ಎಂಬ ಒಂದು ಪದ ಹೇಳಿ ಸುಮ್ಮನಾಗುತ್ತದೆ. ಕನ್ಸೋಲ್‌ನ ಎರರ್ ಹೆಸರನ್ನು ಪೂರ್ತಿ ಓದಿ. ‘ಬ್ಲಾಕ್ಡ್ ಬೈ ಕ್ಲೈಂಟ್’ ಎಂದಿದ್ದರೆ ಅದು ಎಕ್ಸ್‌ಟೆನ್ಷನ್ ಕೆಲಸ. ಫೈಲ್ ಹೆಸರಿನಲ್ಲಿ ‘ಆ್ಯಡ್ಸ್’, ‘ಅನಲಿಟಿಕ್ಸ್’ ಥರದ ಪದ ಇದ್ದರೂ ಆ್ಯಡ್ ಬ್ಲಾಕರ್ ತಡೆಯುತ್ತದೆ, ಗೆಸ್ಟ್ ವಿಂಡೋದಲ್ಲಿ ತೆರೆದು ಹೋಲಿಸಿ. ‘ಅನ್‌ಸೇಫ್ ಪೋರ್ಟ್’ ಎಂದಿದ್ದರೆ 6000, 6665ರಿಂದ 6669ರಂಥ ಪೋರ್ಟ್‌ಗಳಿಗೆ ಬ್ರೌಸರ್ ತಾನೇ ಹೋಗುವುದಿಲ್ಲ, ಪೋರ್ಟ್ ಬದಲಿಸಿ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಸರ್ವರ್ ಓಡುತ್ತಿದೆ, ಬ್ರೌಸರ್‌ನಲ್ಲಿ ತೆರೆಯುತ್ತದೆ, ಆದರೆ ಡೆವ್ ಸರ್ವರ್‌ನ ಪ್ರಾಕ್ಸಿ (ರಿಕ್ವೆಸ್ಟನ್ನು ಎಪಿಐಗೆ ದಾಟಿಸುವ ಭಾಗ) ಮಾತ್ರ ರಿಫ್ಯೂಸ್ಡ್ ಎನ್ನುತ್ತಿದ್ದರೆ ಅದನ್ನು ಓಡಿಸುವ ಜಾವಾಸ್ಕ್ರಿಪ್ಟ್ ರನ್‌ಟೈಮ್ ಆದ ನೋಡ್‌ನ ವರ್ಷನ್ ನೋಡಿ. 17ನೇ ವರ್ಷನ್‌ನಿಂದ ನೋಡ್, ಲೋಕಲ್‌ಹೋಸ್ಟ್ ಎಂಬ ಹೆಸರಿಗೆ ಸಿಸ್ಟಂ ಕೊಟ್ಟ ವಿಳಾಸಗಳನ್ನು ಅದೇ ಕ್ರಮದಲ್ಲಿ ತೆಗೆದುಕೊಳ್ಳುತ್ತದೆ. ಮೊದಲು ಐಪಿವಿ6ನ ::1 ಬಂದರೆ, ಸರ್ವರ್ ಐಪಿವಿ4ನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿದ್ದರೆ, ಇಬ್ಬರೂ ಭೇಟಿಯಾಗದೇ ಹೋಗಬಹುದು. ಪ್ರಾಕ್ಸಿಯ ಗುರಿಯಲ್ಲಿ 127.0.0.1 ಎಂದು ಬರೆದರೆ ಆಯಿತು. ಬ್ರೌಸರ್‌ನಲ್ಲಿ ತೆರೆಯುವ ವಿಳಾಸ ಲೋಕಲ್‌ಹೋಸ್ಟೇ ಇರಲಿ, ಕುಕಿ ಕೆಡುವುದಿಲ್ಲ.

ಮ್ಯಾಕ್‌ನಲ್ಲಿ 5000ನೇ ಪೋರ್ಟ್ ತೆರೆದಾಗ ಸಂಬಂಧವೇ ಇಲ್ಲದ 403 (ಅನುಮತಿ ಇಲ್ಲ) ಬರುವುದುಂಟು. ರೆಸ್ಪಾನ್ಸ್ ಹೆಡರ್‌ಗಳಲ್ಲಿ ‘ಸರ್ವರ್’ ಎಂಬ ಸಾಲು ನೋಡಿ, ‘ಏರ್‌ಟ್ಯೂನ್ಸ್’ ಎಂದಿದ್ದರೆ ಉತ್ತರ ಕೊಡುತ್ತಿರುವುದು ನಿಮ್ಮ ಆ್ಯಪ್ ಅಲ್ಲ, ಏರ್‌ಪ್ಲೇ ರಿಸೀವರ್. ಮ್ಯಾಕ್‌ಓಎಸ್‌ನ ಮಾಂಟೆರೆ ವರ್ಷನ್‌ನಿಂದ ಅದು ಆ ಪೋರ್ಟ್ ಹಿಡಿದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಿಸೀವರ್ ಆಫ್ ಮಾಡಿ, ಇಲ್ಲವೇ ಆ್ಯಪನ್ನು ಬೇರೆ ಪೋರ್ಟ್‌ಗೆ ಸಾಗಿಸಿ.